ದುಗ್ಗಮ್ಮನಿಗೆ ಸಿಕ್ಕ ಚೌಕ

ಹೊಳೆಬಾಗಿಲಿನಲ್ಲಿ ಹಿನ್ನೀರು ದಾಟಿಸುವ ಲಾಂಚಿಗೆ ಕಾಯುವವರ ಸಾಲು ಇರುವಷ್ಟು ಕಾಲ ದುಗ್ಗಮ್ಮ ಗಿರಾಕಿಗಳನ್ನು ಕೂಗಿ ಕರೆದವಳಲ್ಲ. ಸಿಗಂದೂರಿನ ದೇವಸ್ಥಾನಕ್ಕೆ ಹೊರಟವರು ಕಾಯುವ ಬೇಸರಕ್ಕೆ ಕಾರಿನಿಂದಿಳಿದು, ತಾವಾಗಿಯೇ ಅವಳ ಬುಟ್ಟಿಯ ಹತ್ತಿರ ಬರುತ್ತಿದ್ದರು. ಅನಾನಸ್ ಹೋಳುಗಳಿಗೆ ಉಪ್ಪುಖಾರ ಸವರಿ ಕೊಡುತ್ತಲೇ ಅವಳು ಇಬ್ಬರು ಹೆಣ್ಣುಮಕ್ಕಳ ಮದುವೆ ಮಾಡಿ ಮುಗಿಸಿದ್ದಳು. ಆಮೇಲೆ ಸೇತುವೆ ಆಯಿತು. ಅವಳಿಗೂ ಸಂತೋಷವೇ, ಬಸುರಿಯರು ಲಾಂಚ್ ಕಾಯುತ್ತ ಒದ್ದಾಡಿದ್ದನ್ನು ಅವಳು ಕಣ್ಣಾರೆ ಕಂಡಿದ್ದಳು. ಆದರೆ ಕಾರುಗಳು ಈಗ ನಿಲ್ಲದೆ ಹೋಗುತ್ತಿದ್ದವು. ತಂದ ಹಣ್ಣು ಬುಟ್ಟಿಯಲ್ಲೇ ಕೊಳೆಯತೊಡಗಿದಾಗ ದುಗ್ಗಮ್ಮ ಸಾಗರದ ಬಸ್ಸು ಹತ್ತಿದಳು.

ಅಲ್ಲಿ ಬಸ್ ಸ್ಟ್ಯಾಂಡ್ ಎದುರಿನ ರಸ್ತೆಯಲ್ಲಿ ಅಂಗೈಯಗಲ ಜಾಗವೂ ಖಾಲಿ ಇರಲಿಲ್ಲ. ಹೂ ಮಾರುವ ಮೂಕಮ್ಮ ಮಾತ್ರ ತನ್ನ ಬುಟ್ಟಿಗಳನ್ನು ಒತ್ತರಿಸಿ, ಅವಳನ್ನು ಕೊಡೆಯ ನೆರಳಿಗೆ ಕರೆದುಕೊಂಡಳು. ಬಜ್ಜಿ ಗಾಡಿಯ ಜಟ್ಟಿಂಗಪ್ಪನಿಗೆ ಇದು ಸರಿಬರಲಿಲ್ಲ. ರಸ್ತೆಯ ವ್ಯಾಪಾರಿಗಳಿಗೆಲ್ಲ ಅವನೇ ಹಿರಿಯ. ಇದ್ದವರಿಗೇ ಸಾಲದ ಕಡೆ ಹೊಸಬರು ಯಾಕೆಂದು ಅವಳಿಗೆ ಕೇಳುವ ಹಾಗೆಯೇ ಅನ್ನುತ್ತಿದ್ದ.

ಅಷ್ಟರಲ್ಲಿ ರಸ್ತೆ ತೆರವು ಮಾಡುವ ನಗರಸಭೆಯ ಆದೇಶ ಬಂತು. ವ್ಯಾಪಾರಿಗಳಿಗೆಂದು ಸ್ಟ್ಯಾಂಡಿನ ಹಿಂದಿನ ಬಯಲಿನಲ್ಲಿ ಸುಣ್ಣದ ಗೆರೆ ಎಳೆದು ಚೌಕಗಳನ್ನು ಮಾಡಿದರು. ಅತ್ತ ಕಡೆ ಜನ ಸುಳಿಯುತ್ತಿರಲಿಲ್ಲ. ಒಬ್ಬರು ಹೋದರೂ ಉಳಿದವರನ್ನು ಅಟ್ಟುವುದು ಸುಲಭವಾಗುತ್ತದೆ, ಯಾರೂ ಹೋಗಕೂಡದು ಎಂದು ಜಟ್ಟಿಂಗಪ್ಪ ಎಲ್ಲರಿಂದ ಮಾತು ತೆಗೆದುಕೊಂಡ. ದುಗ್ಗಮ್ಮನನ್ನು ಮಾತ್ರ ಯಾರೂ ಲೆಕ್ಕಕ್ಕೆ ಹಿಡಿಯಲಿಲ್ಲ.

ತೆರವಿನ ಮೇಲ್ವಿಚಾರಕ ಯೋಗರಾಜ್ ಇದನ್ನು ಗಮನಿಸಿದ್ದ. ಇಲ್ಲಂತೂ ನಿನಗೆ ಜಾಗವಿಲ್ಲ, ಅಲ್ಲಿ ಮೊದಲ ಚೌಕ ನಿನಗೇ ಎಂದ. ದುಗ್ಗಮ್ಮ ಮೂಕಮ್ಮನ ಮುಂದೆ ಕುಳಿತು ಹೇಳಿದಳು:

"ನಿನ್ ನೆರಳಲ್ಲಿ ಎಷ್ಟು ದಿನಾಂತ ಕೂರ್ಲಿ? ನಾನು ಹೋಗ್ತೀನಿ."

ಮೂಕಮ್ಮ ಹೂ ಕಟ್ಟುತ್ತಿದ್ದ ಕೈ ನಿಲ್ಲಿಸಲಿಲ್ಲ. "ಹೋಗೋದಾದ್ರೆ ಹೋಗು. ನನ್ನ ಕೇಳ್ಬೇಡ."

ಬಯಲಿನಲ್ಲಿ ದುಗ್ಗಮ್ಮ ಒಬ್ಬಳೇ. ಬೀಡಿ ಸೇದಲು ಬಂದ ಡ್ರೈವರ್ ಒಬ್ಬ ಒಂದು ಹೋಳು ತಿಂದು ಹೋದದ್ದೇ ವ್ಯಾಪಾರ. ಸಂಜೆ ಅವಳು ರಸ್ತೆ ದಾಟುವಾಗ ಜಟ್ಟಿಂಗಪ್ಪ ಪಕ್ಕಕ್ಕೆ ತಿರುಗಿ ಉಗಿದ. ಮೂಕಮ್ಮ ತಲೆ ಎತ್ತಲಿಲ್ಲ.

ಮರುದಿನ ಬೆಳಿಗ್ಗೆ ರಸ್ತೆಯ ಕಡೆಯಿಂದ ಗಲಾಟೆ ಕೇಳಿತು. ದುಗ್ಗಮ್ಮ ಹಣ್ಣನ್ನು ಅಲ್ಲೇ ಬಿಟ್ಟು ಓಡಿದಳು. ಯೋಗರಾಜನ ಆಳುಗಳು ಟ್ರಾಕ್ಟರಿಗೆ ತಕ್ಕಡಿ, ಕೊಡೆ, ಸೊಪ್ಪಿನ ಚೀಲಗಳನ್ನು ಎಸೆಯುತ್ತಿದ್ದರು. ಮೂಕಮ್ಮ ತನ್ನ ಬುಟ್ಟಿಯ ಅಂಚನ್ನು ಬಿಡದೆ ಹಿಡಿದಿದ್ದಳು. ಆಳೊಬ್ಬ ಬುಟ್ಟಿಯ ಜೊತೆ ಅವಳನ್ನೂ ಎಳೆಯುತ್ತಿದ್ದ. ಸೇವಂತಿಗೆ ಡಾಂಬರಿನ ಮೇಲೆ ಚೆಲ್ಲಿತ್ತು.

ದುಗ್ಗಮ್ಮ ಇನ್ನೊಂದು ಅಂಚು ಹಿಡಿದಳು. "ಬಿಡಿ ಇದನ್ನ. ಇದು ನನ್ ಚೌಕಕ್ಕೆ ಬರೋ ಬುಟ್ಟಿ. ಚೌಕ ನೀವೇ ಕೊಟ್ಟಿದ್ದಲ್ವಾ?"

ಅದು ಸುಳ್ಳೆಂದು ಯೋಗರಾಜನಿಗೂ ಗೊತ್ತಿತ್ತು. ಅವನು ಮೂಕಮ್ಮನತ್ತ ತಿರುಗಿ, ಹೌದೇನೆಂದು ಕೇಳಿದ. ಮೂಕಮ್ಮ ಜಟ್ಟಿಂಗಪ್ಪನನ್ನು ನೋಡಿದಳು. ಗಾಡಿಯ ಹಿಡಿಯನ್ನು ಬಿಗಿಯಾಗಿ ಹಿಡಿದು ನಿಂತಿದ್ದ ಅವನು ಬೇಡವೆಂದು ತಲೆಯಾಡಿಸಿದ. ದುಗ್ಗಮ್ಮ ಬುಟ್ಟಿಯನ್ನು ತನ್ನತ್ತ ಎಳೆದುಕೊಂಡಳು. ಮೂಕಮ್ಮ ಇಲ್ಲವೆಂದರೆ ಬುಟ್ಟಿಯೂ ಹೋಯಿತು, ತನ್ನ ಚೌಕವೂ ಹೋಯಿತು.

"ಹೌದು," ಎಂದಳು ಮೂಕಮ್ಮ. ಜಟ್ಟಿಂಗಪ್ಪನಿಗೆ ಕೊಟ್ಟ ಮಾತು ಅಲ್ಲಿಗೆ ಮುರಿಯಿತು.

ಹೊತ್ತುಕೊಂಡು ಹೋಗುವುದಾದರೆ ಈಗಲೇ ಹೋಗಿ ಎಂದ ಯೋಗರಾಜ್. ಅಷ್ಟೇ ಸಾಕಾಯಿತು. ಸೊಪ್ಪಿನವಳು ತನ್ನ ಉಳಿದ ಕಟ್ಟುಗಳನ್ನು ದುಗ್ಗಮ್ಮನ ತೋಳಿಗೆ ತುರುಕಿದಳು. ಬಳೆಯವನು, ಕಡಲೆಯವನು ಹಿಂದೆಯೇ ಬಂದರು. ಜಟ್ಟಿಂಗಪ್ಪ ಬರಲಿಲ್ಲ. ಅವನ ಗಾಡಿಯನ್ನು ನಾಲ್ವರು ಎತ್ತಿ ಟ್ರಾಕ್ಟರಿಗೆ ಹಾಕಿದರು.

ಮಧ್ಯಾಹ್ನದ ಹೊತ್ತಿಗೆ ದುಗ್ಗಮ್ಮನ ಒಂದು ಚೌಕದಲ್ಲಿ ಐವರು ಮೊಣಕಾಲಿಗೆ ಮೊಣಕಾಲು ತಾಗಿಸಿ ಕುಳಿತಿದ್ದರು. ಸುತ್ತಲಿನ ಚೌಕಗಳೆಲ್ಲ ಖಾಲಿ ಇದ್ದರೂ ಯಾರಿಗೂ ದೂರ ಸರಿಯುವ ಮನಸ್ಸಿರಲಿಲ್ಲ. ಮೂಕಮ್ಮನನ್ನು ಹುಡುಕಿಕೊಂಡು ಕೆಲವು ಹೆಂಗಸರು ಬಂದರು, ಹೂವಿನ ಜೊತೆ ಸೊಪ್ಪೂ ಕೊಂಡರು. ಹಣ್ಣೂ ಹೋಯಿತು.

"ಮೊದ್ಲೇ ಕರೀಬೇಕಿತ್ತು ನೀನು," ಎಂದಳು ಮೂಕಮ್ಮ.

"ಕರ್ದಿದ್ರೆ ಬರ್ತಿದ್ಯಾ?"

ಮೂಕಮ್ಮ ಹೂವಿನ ಗಂಟು ಬಿಗಿದಳು. "ಇಲ್ಲ."

ರಸ್ತೆಯಲ್ಲಿದ್ದಾಗಿನ ಅರ್ಧದಷ್ಟೂ ವ್ಯಾಪಾರ ಈಗ ಅಲ್ಲಿಲ್ಲ. ಜಟ್ಟಿಂಗಪ್ಪ ದಂಡ ಕಟ್ಟಿ ಗಾಡಿ ಬಿಡಿಸಿಕೊಂಡು ಬೇರೆ ಬೀದಿಗೆ ಹೋದ. ಎದುರು ಸಿಕ್ಕರೆ ಮೂಕಮ್ಮನನ್ನು ಮಾತಾಡಿಸುತ್ತಾನೆ, ದುಗ್ಗಮ್ಮನನ್ನಲ್ಲ.