ಮೀಸಲು ಗಡಿಯಾರ

ಮೂಡಲಗಿಯಲ್ಲಿ ಅರಿವೆ ಅಂಗಡಿ ಇಟ್ಟಿದ್ದ ಮುರಿಗೆಪ್ಪ ಮೀಸಲಿನ ಮನುಷ್ಯ. ಎಮ್ಮೆ ಈದರೆ ಮೊದಲ ಬೆಣ್ಣೆ ಮೀಸಲು. ಹೊಸ ಮಾಲು ಬಂದರೆ ಮೊದಲ ತುಂಡು ಮಠಕ್ಕೆ ಮೀಸಲು. ಒಬ್ಬರಿಗೆಂದು ತೆಗೆದಿಟ್ಟ ವಸ್ತುವನ್ನು ಅವರಿಗಿಂತ ಮೊದಲು ಬೇರೆಯವರು ಬಳಸಿದರೆ ಅದು ಎಂಜಲೆಂದೇ ಅವನ ಲೆಕ್ಕ.

ಮಗಳು ಚನ್ನವ್ವನಿಗೆ ಹುಕ್ಕೇರಿಯ ದುಂಡಪ್ಪನ ಮಗ ಕೇದಾರಿಯೊಡನೆ ನಿಶ್ಚಯವಾದದ್ದು ೧೯೫೭ರಲ್ಲಿ. ಮದುವೆಯ ಹಂದರದಲ್ಲಿ ಮಾವನು ಅಳಿಯನ ಕೈಗೆ ಗಡಿಯಾರ ಕಟ್ಟುವುದು ಆ ಕಡೆಯ ಪದ್ಧತಿ. ಪರದೇಶದ ಗಡಿಯಾರಗಳು ಇನ್ನು ಬರುವುದಿಲ್ಲವೆಂಬ ಸುದ್ದಿ ಕೇಳಿ ಮುರಿಗೆಪ್ಪ ಬೆಳಗಾವಿಗೆ ಹೋಗಿ ಬಂಗಾರದ ಕವಚದ ಸ್ವಿಸ್ ಗಡಿಯಾರವೊಂದನ್ನು ತಂದ. ಜೊತೆಗೆ ಮೂರು ವರ್ಷದ ಗ್ಯಾರಂಟಿ ಕಾಗದ. ಅಷ್ಟರಲ್ಲಿ ಕೇದಾರಿಯ ಅಜ್ಜಿ ತೀರಿಕೊಂಡಳು. ಆ ಮೇಲೆ ಅವನು ಮಾಸ್ತರಿಕೆಯ ಟ್ರೇನಿಂಗಿಗೆಂದು ಧಾರವಾಡ ಸೇರಿದ. ಮದುವೆ ಜಾರುತ್ತ ಜಾರುತ್ತ ೧೯೬೦ರ ವೈಶಾಖಕ್ಕೆ ಬಂದು ನಿಂತಿತು. ಗ್ಯಾರಂಟಿ ಮಾತ್ರ ಅದಕ್ಕಿಂತ ಮೊದಲೇ, ಯುಗಾದಿಯ ಸುಮಾರಿಗೆ ಮುಗಿಯುವುದಿತ್ತು.

ಅಷ್ಟು ದಿನವೂ ಗಡಿಯಾರ ದೇವರ ಜಗಲಿಯ ಮೇಲೆಯೇ ಇತ್ತು. ಅದಕ್ಕೆ ಒಮ್ಮೆಯೂ ಚಾವಿ ಕೊಟ್ಟಿರಲಿಲ್ಲ. ಹೆಂಡತಿ ಕಾಶೆವ್ವ ಸೋಮವಾರಕ್ಕೊಮ್ಮೆ ಡಬ್ಬಿ ತೆರೆದು ಅದಕ್ಕೆ ವಿಭೂತಿ ಹಚ್ಚುತ್ತಿದ್ದಳು.

ಸಂಕ್ರಾಂತಿ ಮುಗಿದ ಮೇಲೆ ಮುರಿಗೆಪ್ಪ ಅದನ್ನು ಗೋಕಾಕಿನ ಗಡಿಯಾರ ರಿಪೇರಿಯ ಭೀಮರಾಯನಲ್ಲಿಗೆ ಒಯ್ದ.

"ಮುಟ್ಟಬ್ಯಾಡ, ಬರೇ ನೋಡು," ಎಂದ.

"ಬರೇ ನೋಡಿ ರಿಪೇರಿ ಮಾಡೂದು ಬರತಿದ್ರ ನಾ ಡಾಕ್ಟರ್ ಆಗತಿದ್ನಿರಿ ಸಾವಕಾರ," ಎನ್ನುತ್ತ ಭೀಮರಾಯ ಕಣ್ಣಿಗೆ ಭೂತಗನ್ನಡಿ ಏರಿಸಿ ಬಾಗಿದ. "ಚಾವಿ ಬುಡಕ್ಕ ಈಬತ್ತಿ ತುಂಬೈತಿ. ಇದೇನ್ ವಾಚೋ, ಲಿಂಗೋ?"

"ಕೈಗೆ ಕಟ್ಟಿಲ್ಲ, ಚಾವಿ ಕೊಟ್ಟಿಲ್ಲ. ಕೆಡಾಕ ಏನೈತಿ ಅದರಾಗ?"

"ಮೂಲ್ಯಾಗ ನಿಂತ ಚಕ್ಕಡಿ ಗಾಲಿ ಬಿಗಿಯಂಗಿಲ್ಲೇನ್ರಿ? ಒಳಗಿನ ಎಣ್ಣಿ ಒಣಗಿರತೈತಿ."

"ಹಂಗಾರ ಈಗ ಬೆಳಗಾವಿಗೆ ಕಳಿಸಿ ತೊಳಿಸಿಬಿಡಲ್ಯಾ?"

"ತೊಳಿಸಿ ಮತ್ತ ಡಬ್ಬಿಯೊಳಗ ಇಟ್ರ, ಸುದ್ದ ಆತೋ ಇಲ್ಲೋ ಹೆಂಗ ತಿಳೀಬೇಕು? ಮೊದಲ ಒಂದಿಷ್ಟು ದಿನ ಯಾರರೆ ಕಟಗೊಂಡು ಅಡ್ಡಾಡಬೇಕು. ದೋಷ ಕಂಡ್ರ ಯುಗಾದಿ ಒಳಗ ಒಯ್ದು ಕೊಡ್ರಿ, ಪುಕ್ಕಟ ಮಾಡಿ ಕೊಡತಾರ. ನಾ ಮುಚ್ಚಳ ತೆಗದ್ರ ನಿಮ್ಮ ಕಾಗದ ದಂಡ."

ಹಿಂದಿರುಗುವಾಗ ಮುರಿಗೆಪ್ಪ ಬಸ್ಸಿನಲ್ಲಿ ಲೆಕ್ಕ ಹಾಕಿದ. ಕಟ್ಟಿಕೊಂಡರೆ ಮೀಸಲು ಮುರಿಯುತ್ತದೆ. ಕಟ್ಟದೆ ಇಟ್ಟರೆ, ಎರಡು ಕಡೆಯ ಬೀಗರ ಎದುರಿನಲ್ಲಿ ಅಳಿಯನ ಕೈಗೆ ನಿಂತ ಗಡಿಯಾರ ಕಟ್ಟುವ ಹೊತ್ತು ಬರಬಹುದು. ಮಗಳ ಸಂಸಾರದ ಮೊದಲ ಗಳಿಗೆಯಲ್ಲೇ ಅಂಥ ಅಪಶಕುನ ಬೇಡವೆನಿಸಿತು.

"ಒಂದ್ ನಾಕ ದಿನ ನಾನ ಕಟಗೊಳ್ಳಲ್ಯಾ?" ಎಂದು ಮನೆಯಲ್ಲಿ ಕೇಳಿದ.

"ನಿಮ್ಮ ಬೆವರು ಹತ್ತಿದ್ದನ್ನ ಅಳಿಯಗ ಕಟ್ಟತೀರಿ? ಹಂಗಾರ ನಾ ಉಟ್ಟ ಸೀರಿನೂ ಮಗಳಿಗಿ ಉಡಿಸೂಣು ತಗೋರಿ," ಎಂದಳು ಕಾಶೆವ್ವ.

ಮರುವಾರ ಮುರಿಗೆಪ್ಪ ಗಡಿಯಾರದ ಡಬ್ಬಿಯೊಂದಿಗೆ ಹುಕ್ಕೇರಿಗೆ ಹೋದ. ಚಹಾ ಕುಡಿದಾದ ಮೇಲೆ ಭೀಮರಾಯ ಹೇಳಿದ್ದನ್ನೆಲ್ಲ, ವಿಭೂತಿಯ ಸಂಗತಿಯನ್ನೂ ಬಿಡದೆ, ದುಂಡಪ್ಪನ ಮುಂದಿಟ್ಟ.

"ಮದುವಿ ಮುಂಚೆ ನನ್ನ ಮಗ ಕಟಗೊಂಡ್ರ ಮಂದಿ ಏನಂತಾರ್ರಿ ಬೀಗರ? ಕಸಗೊಂಡು ಬಂದಾನ ಅಂತಾರ," ಎಂದ ದುಂಡಪ್ಪ. ಡಬ್ಬಿಯನ್ನು ಮಾತ್ರ ಹಿಂದಕ್ಕೆ ತಳ್ಳಲಿಲ್ಲ.

"ಮೀಸಲು ನಿಮ್ಮ ಮನೀದು. ನಿಮ್ಮ ಮನ್ಯಾಗ ಯಾರು ಮುಟ್ಟಿದ್ರೂ ಅದು ಮುರಿಯಂಗಿಲ್ಲ. ನಾ ಮುಟ್ಟಿದ್ರ ಮುರೀತೈತಿ."

ದುಂಡಪ್ಪ ಅಂಗಿಯ ತೋಳು ಮಡಚಿ ಎಡಗೈ ಚಾಚಿದ.

"ಕಟ್ರಿ. ಕಬ್ಬಿಗಿ ನೀರ ಹಾಯಿಸೋ ಕೈ ಇದು. ಇದರಾಗ ಉಳದ್ರ ಮಾಸ್ತರನ ಕೈಯಾಗ ಉಳಿಯೂದೇನ್ ದೊಡ್ಡದು?"

ಬಂಗಾರದ ಗಡಿಯಾರ ಕಬ್ಬಿನ ಗದ್ದೆಗೆ ಇಳಿಯುವುದು ಮುರಿಗೆಪ್ಪನ ಮನಸ್ಸಿಗೆ ಒಗ್ಗಲಿಲ್ಲ. ಆದರೂ ಚಾವಿ ಕೊಟ್ಟು ಕಟ್ಟಿದ.

ಹದಿನೆಂಟನೆಯ ದಿನ ದುಂಡಪ್ಪನ ಕಾಗದ ಬಂತು: ಗಡಿಯಾರ ದಿನಕ್ಕೆ ಹತ್ತು ನಿಮಿಷ ಹಿಂದೆ ಬೀಳುತ್ತಿದೆ, ರಾತ್ರಿ ಎರಡು ಸಲ ನಿಂತಿದೆ. ಬೀಗರಿಬ್ಬರೂ ಕೂಡಿ ಬೆಳಗಾವಿಗೆ ಹೋದರು. ಚಾವಿಯ ಬುಡದಲ್ಲಿರುವ ಬೂದಿ ಏನೆಂದು ಅಂಗಡಿಯವರು ಕೇಳಿದಾಗ ದುಂಡಪ್ಪ, "ದೇವರದು," ಎಂದ. ಅವರು ಮತ್ತೆ ಕೇಳಲಿಲ್ಲ. ಬಿಚ್ಚಿ, ತೊಳೆದು, ಎಣ್ಣೆ ಹಾಕಿ, ಯುಗಾದಿಗೆ ಹತ್ತು ದಿನ ಇರುವಾಗ ಪುಕ್ಕಟೆಯಾಗಿಯೇ ಮರಳಿ ಕೊಟ್ಟರು. ಸರಿಹೋಗಿದೆಯೋ ಇಲ್ಲವೋ ನೋಡಬೇಕೆಂದು ದುಂಡಪ್ಪ ಅದನ್ನು ಮದುವೆಯ ಹಿಂದಿನ ದಿನದವರೆಗೂ ಕೈಯಿಂದ ಬಿಚ್ಚಲಿಲ್ಲ. ಒಂದು ನಿಮಿಷವೂ ತಪ್ಪಲಿಲ್ಲ.

ವೈಶಾಖದಲ್ಲಿ, ಹಂದರದಲ್ಲಿ, ಮುರಿಗೆಪ್ಪ ಹೊಸ ಪಟ್ಟಿ ಹಾಕಿದ ಗಡಿಯಾರವನ್ನು ಕೇದಾರಿಯ ಕೈಗೆ ಕಟ್ಟಿದ. ಕಟ್ಟುವ ಮೊದಲು ಕಿವಿಗೆ ಹಿಡಿದ, ಓಡುತ್ತಿತ್ತು. ಅಕ್ಕಿಕಾಳು ಹಾಕುವ ಮುಹೂರ್ತಕ್ಕೆ ಇನ್ನೆಷ್ಟು ಹೊತ್ತೆಂದು ಸ್ವಾಮಿಗಳು ಕೇಳಿದರು. ದುಂಡಪ್ಪ ರೂಢಿಯಂತೆ ತೋಳು ಮಡಚಿ ಮಣಿಕಟ್ಟು ನೋಡಿಕೊಂಡ. ಬಿಸಿಲಿಗೆ ಕಪ್ಪಾದ ಕೈಯ ಮೇಲೆ ದುಂಡನೆಯ ಬಿಳಿ ಗುರುತಷ್ಟೇ ಇತ್ತು. ಕೇದಾರಿ ತನ್ನ ಕೈಯನ್ನು ಸದ್ದಿಲ್ಲದೆ ಅಪ್ಪನ ಮುಂದೆ ಹಿಡಿದ.

"ಹತ್ತು ಮಿನಿಟು," ಎಂದ ದುಂಡಪ್ಪ.