ಪರೇಲಿನ ಆಸ್ಪತ್ರೆಯ ಎದುರಿನ ಖಾನಾವಳಿ

ಮೇ ತಿಂಗಳ ರಜೆಯಲ್ಲಿ ಧಾರವಾಡದಿಂದ ಹೊರಟು, ಪುಣೆಯಲ್ಲಿ ಗಾಡಿ ಬದಲಿಸಿ, ಮರುದಿನ ದಾದರಿನಲ್ಲಿ ಇಳಿದೆ. ಮೂರನೆಯ ದರ್ಜೆಯ ಹಲಗೆಯ ಮೇಲೆ ಕುಳಿತು ಬೆನ್ನು ಹಿಡಿದುಕೊಂಡಿತ್ತು. ಅಂಗಿ ಮೈಗೆ ಅಂಟುವ ಮುಂಬಯಿಯ ಸೆಕೆ ಬೇರೆ. ಅಲ್ಲಿಂದ ಟ್ರಾಮ್ ಹಿಡಿದು ಪರೇಲಿಗೆ ಹೋದೆ. ದೊಡ್ಡ ಆಸ್ಪತ್ರೆಯೊಂದರ ಎದುರಿನ ಚಾಳಿನಲ್ಲಿ ನಮ್ಮ ಗಂಗಕ್ಕ ಮತ್ತು ಭಾವ ಖಾನಾವಳಿ ನಡೆಸುತ್ತಾರೆ. ಇದನ್ನು ಬರೆಯುತ್ತಿರುವುದು ಊರಿಗೆ ಮರಳಿದ ಮೇಲೆ. ಮಾತುಗಳು ಆಡಿದಂತೆಯೇ ನೆನಪಿವೆಯೋ, ನನಗೆ ಹಿತವಾಗುವಂತೆ ತಿದ್ದಿಕೊಂಡಿದ್ದೇನೋ, ಖಚಿತವಾಗಿ ಹೇಳಲಾರೆ.

ನಾನು ಕಾಲೇಜಿನಲ್ಲಿ ಅರ್ಥಶಾಸ್ತ್ರ ಕಲಿಸುವವನು. ಮುಂಬಯಿಯನ್ನು ಸಾಕುವುದು ಗಿರಣಿ ಮತ್ತು ಬಂದರು ಎಂದು ಪಾಠ ಹೇಳುತ್ತ ಬಂದಿದ್ದೆ. ಆಸ್ಪತ್ರೆಯ ಮುಂದೆ ಇಳಿದಾಗ ಕಂಡದ್ದೇ ಬೇರೆ. ಮೋಸಂಬಿ, ಎಳನೀರು ಮಾರುವವರು, ಸಾಲು ಔಷಧದಂಗಡಿಗಳು, ರೋಗಿಗಳ ಮನೆಯವರಿಗೆ ಚಾಪೆ ಬಾಡಿಗೆಗೆ ಕೊಡುವ ಮುದುಕ, ವೈದ್ಯಕೀಯ ವಿದ್ಯಾರ್ಥಿಗಳ ಬಿಳಿ ಕೋಟು ಹೊಲಿಯುವ ದರ್ಜಿ, ಅವರ ಹಳೆಯ ಪುಸ್ತಕಗಳನ್ನು ಫುಟ್‌ಪಾತಿನಲ್ಲಿ ಹರಡಿಕೊಂಡವನು. ವಾರ್ಡಿನ ಕಬ್ಬಿಣದ ಮಂಚಗಳು ಜೋಗೇಶ್ವರಿಯ ಸಣ್ಣ ಕಾರ್ಖಾನೆಯಿಂದ ಬರುತ್ತವಂತೆ. ಅಕ್ಕನ ಎಮ್ಮೆಹಾಲು ಅಲ್ಲಿಯ ತಬೇಲಾದ ಕೊಟ್ಟಿಗೆಗಳಿಂದ. ಬೆಳಗಾವಿ, ವಿಜಾಪುರದ ಕಡೆಯ ರೋಗಿಗಳಿಗೆ ಊಟದ ಡಬ್ಬಿ ಕಳಿಸುವುದೇ ಅಕ್ಕನ ಜೀವನ.

ಆ ಡಬ್ಬಿಗಳೆಲ್ಲ ನಾನು ಹೋದಾಗ ಗೋಡೆಯ ಬದಿಗೆ ಬೋರಲಾಗಿ ಬಿದ್ದಿದ್ದವು.

“ವಾರ್ಡಿನೊಳಗ ನಮ್ಮ ಊಟ ಬಂದ್ ಮಾಡ್ಯಾರ ಮಾಸ್ತರ. ನಿಮ್ಮ ಅಕ್ಕನ ನುಚ್ಚಿನ ಪ್ರತಾಪ,” ಎಂದರು ಭಾವ.

“ಮೆತ್ತಗಿನ ಊಟ ಕೊಡ್ರಿ ಅಂದ್ರು, ಕೊಟ್ಟೆ,” ಎಂದಳು ಅಕ್ಕ. “ಜೋಳದ ನುಚ್ಚು-ಮಜ್ಜಿಗಿಗಿಂತ ಮೆತ್ತಗಿಂದು ಮತ್ತೇನೈತಿ?”

ನಮ್ಮ ಕಡೆ ಜ್ವರದಿಂದ ಎದ್ದವರಿಗೆ ಕೊಡುವುದೇ ಅದು. ಆದರೆ ಸಿಂದಗಿಯ ಕಡೆಯ ಗೌಡರೊಬ್ಬರು ಹೊಟ್ಟೆಯ ಶಸ್ತ್ರಕ್ರಿಯೆಯಾದ ಮೇಲೆ, ಊರಿನ ರುಚಿ ಸಿಕ್ಕಿತೆಂದು ಎರಡು ಬಟ್ಟಲು ಉಂಡು ನೋವಿನಿಂದ ನರಳಿದ್ದರು. ಜೀವಕ್ಕೇನೂ ಆಗಲಿಲ್ಲ. ಆದರೂ ದೊಡ್ಡ ಡಾಕ್ಟರು ಹೊರಗಿನ ಊಟವನ್ನೇ ನಿಲ್ಲಿಸಿಬಿಟ್ಟರು. ಹೀಗೇ ಮುಂದುವರಿದರೆ ಖಾನಾವಳಿ ಮುಚ್ಚಬೇಕು.

“ಇಂಗ್ಲಿಷ್ ಬರತೈತಲ್ಲ, ನಾಳೆ ನೀನ ಮಾತಾಡೋ ತಮ್ಮಾ,” ಎಂದಳು.

ಮರುದಿನ ಬೆಳಿಗ್ಗೆ ಅಕ್ಕನೊಂದಿಗೆ ದೊಡ್ಡ ಡಾಕ್ಟರ ಕೋಣೆಗೆ ಹೋದೆ. ಆಸ್ಪತ್ರೆಯಿಂದ ಸುತ್ತಲಿನ ಎಷ್ಟು ಸಂಸಾರಗಳು ಬದುಕುತ್ತಿವೆ ಎಂದು ಇಂಗ್ಲಿಷಿನಲ್ಲಿ ಆರಂಭಿಸಿದೆ. ಡಾಕ್ಟರು ನಡುವೆಯೇ ಕೈ ಎತ್ತಿದರು. ಅವರು ಬೆಳಗಾವಿಯಲ್ಲಿ ಓದಿದ ಮರಾಠಿಗರು, ಕನ್ನಡ ಬಲ್ಲವರು.

“ಪ್ರೊಫೆಸರ್, ಭಾಷಣ ಸಾಕು. ಅಡಿಗಿ ಮಾಡಾವ್ರು ಯಾರು?”

“ನಾನ ರೀ,” ಎಂದು ಅಕ್ಕ ಮುಂದೆ ಬಂದಳು.

“ಅಕ್ಕಾರ, ಹೊಲಿಗಿ ಹಾಕಿದ ಹೊಟ್ಟಿಗೆ ನುಚ್ಚು ಅಂದ್ರ ಉಸುಕು ತಿನಿಸಿದಂಗ.”

“ತಪ್ಪಾತ್ರಿ. ಆದ್ರ ಊಟ ನಿಲ್ಲಿಸಿದ್ರ ನಾ ಕಲಿಯೂದು ಹ್ಯಾಂಗ? ನಿಮ್ಮ ಕಲಿಯೋ ಹುಡುಗರನ್ನ ನನ್ನ ಒಲಿ ಮುಂದ ಕಳಸ್ರಿ. ಏನು ಬೇಕು, ಏನು ಬ್ಯಾಡ ಹೇಳ್ಲಿ. ಅಷ್ಟ ಮಾಡ್ತೀನಿ.”

ಡಾಕ್ಟರು ನಕ್ಕರೆಂದು ನನ್ನ ನೆನಪು. ನಗಲಿಲ್ಲ, ಕನ್ನಡಕ ತೆಗೆದು ಒರೆಸಿಕೊಂಡರು ಎನ್ನುತ್ತಾಳೆ ಅಕ್ಕ. ಏನೇ ಇರಲಿ, ಒಪ್ಪಿದರು. ಮೊದಲು ಗೌಡರಿಗೆ ಮಾತ್ರ; ಅವರಿಗೆ ಒಗ್ಗಿದರೆ ಉಳಿದವರಿಗೆ.

ಮಧ್ಯಾಹ್ನ ಘಾಟ್ಕೋಪರ್‌ನ ಕುಸುಮ್ ಎಂಬ ವಿದ್ಯಾರ್ಥಿನಿ ಖಾನಾವಳಿಗೆ ಬಂದಳು. ಮೂಲೆಯಲ್ಲಿ ಕುಳಿತು ಅಕ್ಕಿ ಗಂಜಿಯನ್ನು ಬಟ್ಟೆಯಲ್ಲಿ ಹೇಗೆ ಸೋಸಬೇಕು, ಖಾರ ಯಾಕೆ ಬೇಡ, ಯಾವ ದಿನದಿಂದ ಏನು ಕೊಡಬೇಕು ಎಂದು, ಅಕ್ಕನನ್ನು ಮೌಶಿ (ಚಿಕ್ಕಮ್ಮ) ಎಂದು ಕರೆಯುತ್ತ, ಮರಾಠಿಯಲ್ಲಿ ಹೇಳಿದಳು. ಅಕ್ಕ ಚಾಳಿನ ಮರಾಠಿಯಲ್ಲಿ ಕೇಳಿದಳು:

“ಎಲ್ಲಾ ಹೇಳ್ತೀಯಲ್ಲ ಪೋರಿ, ರೊಟ್ಟಿ ಬಡಿಯಾಕ ಬರ್ತದೇನು?”

“ಇಲ್ಲ ಮೌಶಿ. ಹೊಟ್ಟೆ ಕೊಯ್ಯೋದು ಕಲೀತಿದೀನಿ.”

“ಹಂಗಾರ ನಿನ್ನ ಮದಿವಿ ಮಾಡ್ಕೊಳ್ಳಾಂವ ಗಟ್ಟಿ ಇರಬೇಕು!” ಎಂದು ಭಾವ ಹೊರಗಿನಿಂದ ಕೂಗಿದರು. ಕುಸುಮ್ ಎಲ್ಲರಿಗಿಂತ ಜೋರಾಗಿ ನಕ್ಕಳು.

ಗಂಜಿಯ ಡಬ್ಬಿಯನ್ನು ಅವಳೇ ಒಯ್ದಳು. ಸಂಜೆಯವರೆಗೆ ಅಕ್ಕ ಬಾಗಿಲು ಬಿಟ್ಟು ಕದಲಲಿಲ್ಲ. ನಾನು ಕೊಟ್ಟ ಚಹ ಆರಿಹೋಯಿತು. ದೀಪ ಹಚ್ಚುವ ಹೊತ್ತಿಗೆ ಕುಸುಮ್ ರಸ್ತೆಯಾಚೆಯಿಂದಲೇ ಕೂಗಿದಳು:

“ಮೌಶಿ! ಗೌಡರಿಗೆ ನೋವಿಲ್ಲ. ಆದರೆ ಬೈತಿದಾರೆ. ಇಂಥ ನೀರು ಕುಡಿಸೋಕೆ ನಮ್ಮೂರಾಕೆನೇ ಬೇಕಿತ್ತಾ ಅಂತ!”

ಅಕ್ಕ ಸೆರಗಿನಲ್ಲಿ ಮುಖ ಒರೆಸಿಕೊಂಡು, “ಬೈಲಿ ಬಿಡು. ಬೈಯಾಕ ಶಕ್ತಿ ಬಂತಲ್ಲ,” ಎಂದಳು.

ಮುಂದಿನ ವಾರದಿಂದ ಡಬ್ಬಿಗಳು ಮತ್ತೆ ಒಳಗೆ ಹೋಗತೊಡಗಿದವು. ಶಸ್ತ್ರಕ್ರಿಯೆಯಾದವರ ಊಟವನ್ನು ನರ್ಸ್ ಮೊದಲು ನೋಡಬೇಕು ಎಂಬುದೊಂದೇ ನಿಬಂಧನೆ. ಹೊಸ ವಿದ್ಯಾರ್ಥಿಗಳನ್ನೂ ಡಾಕ್ಟರು ಅಕ್ಕನ ಅಡುಗೆಮನೆಗೆ ಕಳಿಸಲು ಶುರುಮಾಡಿದರು. ಊರಿನ ಊಟ ತಿಳಿಯದೆ ಊರಿನ ರೋಗಿ ತಿಳಿಯುವುದಿಲ್ಲ ಎಂದರಂತೆ. ನಾನು ಕೇಳಿದ್ದಲ್ಲ, ಭಾವನ ಮಾತು, ಅವರಿಗೆ ಬಣ್ಣ ಹಚ್ಚುವ ಅಭ್ಯಾಸವಿದೆ. ಆದರೂ ನಂಬುವ ಮನಸ್ಸಾಗಿದೆ. ಓದು ಬಾರದ ನನ್ನ ಅಕ್ಕನ ಒಲೆಯ ಮುಂದೆ ವಿಶ್ವವಿದ್ಯಾಲಯದ ಮಕ್ಕಳು ಕುಳಿತದ್ದನ್ನಂತೂ ಕಣ್ಣಾರೆ ಕಂಡೆ. ಹೆಮ್ಮೆಪಡಲು ಅಷ್ಟು ಸಾಕು.

ಹೊರಟ ದಿನ ಬೆಳಿಗ್ಗೆ ಟ್ರಾಮ್ ಹತ್ತಿ ಹಿಂತಿರುಗಿ ನೋಡಿದೆ. ಅಕ್ಕ ರಸ್ತೆ ದಾಟಿ ಆಸ್ಪತ್ರೆಯ ಗೇಟಿನೊಳಗೆ ಹೋಗುತ್ತಿದ್ದಳು. ಕೂಗಿದೆ. ತಿರುಗಿ ನಕ್ಕಳು, ಕೈ ಬೀಸಲಿಲ್ಲ. ಎರಡು ಕೈಯಲ್ಲೂ ಡಬ್ಬಿಗಳಿದ್ದವು.