ಕಾಲುವೆ ಜಿಗಿಸಿದ ಮರುದಿನ

ನಾನು ಚಿಕ್ಕವಳಿದ್ದಾಗ ಭಾರಿ ಧೈರ್ಯದ ಹುಡುಗಿ ಎಂದು ನಮ್ಮ ಓಣಿಯಲ್ಲಿ ಹೆಸರಾಗಿದ್ದೆ. ಹಾವು ಕಂಡರೆ ಓಡದೆ ಕೋಲು ಹುಡುಕುವವಳು, ಮಾಸ್ತರರು ಬೆತ್ತ ಎತ್ತಿದರೆ ಕಣ್ಣು ಮುಚ್ಚದೆ ಕೈ ಚಾಚುವವಳು. ಅಂಥವಳನ್ನು ಒಂದಿಡೀ ದಿನ ಗಡಗಡ ನಡುಗಿಸಿದ್ದು ಒಂದು ಆಡಿನ ಮರಿ. ನಗಬೇಡಿ ಮಕ್ಕಳೇ. ಕರೆಂಟು ಹೋದರೆ ನನ್ನ ಸೆರಗು ಹಿಡಿದುಕೊಳ್ಳುವವರು ಯಾರ್ಯಾರು ಎಂದು ನನಗೆ ಚೆನ್ನಾಗಿ ಗೊತ್ತಿದೆ.

ಆಗ ನಮ್ಮ ಮನೆ ದೇಶನೂರಿನಲ್ಲಿತ್ತು. ಊರ ಹೊರಗೆ ಎತ್ತ ನೋಡಿದರೂ ಭತ್ತದ ಗದ್ದೆ, ನಡುವೆ ಕಾಲುವೆ. ನಮಗೊಂದು ಕರಿ ಆಡು ಇತ್ತು. ಅದನ್ನು ಸಂಜೆ ಮೇಯಿಸಿಕೊಂಡು ಬರುವುದು ನನ್ನ ಪಾಲಿನ ಕೆಲಸ. ಅದು ಗಬ್ಬವಾದ ಮೇಲೆ ಅಪ್ಪ ಒಂದು ಮಾತು ಹೇಳಿದ್ದ: "ಕಾಲುವಿ ಜಿಗಿಸಬ್ಯಾಡ. ಕಲ್ಲುಚಪ್ಪಡಿ ಮ್ಯಾಲ ಸುತ್ತ ಹಾಕ್ಕೊಂಡು ಹೊಡ್ಕೊಂಡು ಬಾ."

ಕಾಲುವೆಗೆ ಅಡ್ಡ ಹಾಸಿದ ಆ ಚಪ್ಪಡಿ ದೂರವಿತ್ತು. ಆ ಸಂಜೆ ಮನೆಯಲ್ಲಿ ಅಕ್ಕ ಶೇಂಗಾಕಾಯಿ ಕುದಿಸುತ್ತಿದ್ದಳು, ನಾನು ತಡಮಾಡಿದರೆ ಸಿಪ್ಪೆ ಮಾತ್ರ ಉಳಿಸುವ ಪೈಕಿ ಅವಳು. ನಾನು ಕಾಲುವೆಯ ಸಣ್ಣ ಜಾಗ ನೋಡಿ ಮೊದಲು ಜಿಗಿದೆ, ಆಮೇಲೆ ಹಗ್ಗ ಜಗ್ಗಿದೆ. ಆಡು ಮುಂಗಾಲು ಊರಿ ಒಲ್ಲೆ ಎಂದಿತು. ಇನ್ನೊಮ್ಮೆ ಜಗ್ಗಿದೆ. ಜಿಗಿಯಿತು, ಆದರೆ ಹಿಂಗಾಲು ಜಾರಿ ಹೊಟ್ಟೆ ದಂಡೆಗೆ ಬಡಿಯಿತು. ಎದ್ದು ಮೈ ಕೊಡವಿ ನಡೆಯಿತು. ನಾನೂ ನಡೆದೆ. ಶೇಂಗಾ ಬಿಸಿಬಿಸಿಯಾಗಿ ಸಿಕ್ಕವು.

ಮರುದಿನ ಬೆಳಿಗ್ಗೆ ಅಕ್ಕ ಹಿತ್ತಲಿನಿಂದ ಕೂಗಿದಳು. ಚಪ್ಪರದ ಕೆಳಗೆ ಆಡು ಮರಿ ಹಾಕಿತ್ತು. ದಿನ ತುಂಬಲು ಇನ್ನೂ ಇಪ್ಪತ್ತು ದಿನ ಬೇಕಿತ್ತು. ಮರಿಯ ಮೇಲೆ ಕೂದಲು ಸರಿಯಾಗಿ ಬಂದಿರಲಿಲ್ಲ, ಒದ್ದೆ ಚರ್ಮದೊಳಗಿನ ಪಕ್ಕೆಲುಬು ಒಂದೊಂದೂ ಕಾಣುತ್ತಿದ್ದವು. ಗೊರಸು ಮೆತ್ತಗೆ ಮೇಣದಂತಿದ್ದವು. ಹಸಿ ರಕ್ತದ, ಗಂಜಳದ ವಾಸನೆ. ಅದರ ಹೊಟ್ಟೆ ಒಮ್ಮೆ ಉಬ್ಬುವುದು, ಇಳಿಯುವುದು, ಆಮೇಲೆ ಸುಮ್ಮನಾಗುವುದು. ಸುಮ್ಮನಾದಾಗಲೆಲ್ಲ ನನ್ನ ಉಸಿರೂ ನಿಲ್ಲುತ್ತಿತ್ತು. ಕಾಲುವೆಯ ದಂಡೆಗೆ ಬಡಿದ ಆ ಸದ್ದು ಕಿವಿಯಲ್ಲಿ ಮತ್ತೆ ಮತ್ತೆ ಕೇಳುತ್ತಿತ್ತು.

ಅವ್ವ ನಾಟಿಗೆ ಹೋಗಿದ್ದಳು. ಅಪ್ಪ ತನ್ನ ಹಳೇ ಪಂಚೆಯ ತುಂಡಿನಿಂದ ಮರಿಯನ್ನು ಒರೆಸಿ, ಬಿದಿರಿನ ಪುಟ್ಟಿಯಲ್ಲಿ ಹುಲ್ಲು ಹಾಸಿ, ಒಲೆಯ ಬದಿಗೆ ಇಟ್ಟ. ಅಕ್ಕ ಗಿಣ್ಣದ ಹಾಲಿನಲ್ಲಿ ಹತ್ತಿಯ ಬತ್ತಿ ಅದ್ದಿ ಬಾಯಿಗೆ ಇಟ್ಟಳು. ಚೀಪಲು ಅದಕ್ಕೆ ಬರುತ್ತಿರಲಿಲ್ಲ, ಹಾಲು ಕಟವಾಯಿಂದ ಹೊರಗೆ ಹರಿಯಿತು. ಹೊರಗೆ ಆಡು ಒಂದೇ ಸಮನೆ ಕೂಗುತ್ತಿತ್ತು. ನಾನು ಹಿತ್ತಲಿಗೆ ಹೋದರೆ ಕೂಗು ನಿಲ್ಲಿಸಿ ನನ್ನನ್ನೇ ನೋಡುತ್ತಿತ್ತು. ಅದು ಅಪ್ಪನಿಗೆ ಹೇಳಿಬಿಡುತ್ತದೆ ಎಂದೇ ನಾನು ನಂಬಿದ್ದೆ. ಆಡಿಗೆ ಮಾತು ಬರುವುದಿಲ್ಲ ಎಂಬುದು ಗೊತ್ತಿದ್ದೂ ನಂಬಿದ್ದೆ.

ಮಧ್ಯಾಹ್ನದ ಹೊತ್ತಿಗೆ ಮರಿಯ ಹೊಟ್ಟೆ ಇಳಿದದ್ದು ಮತ್ತೆ ಏಳಲಿಲ್ಲ. ಅಕ್ಕ ಕಣ್ಣು ಒರೆಸಿಕೊಂಡಳು. ನನಗೆ ಅಳುವೇ ಬರಲಿಲ್ಲ, ಅಷ್ಟು ಹೆದರಿದ್ದೆ. ಏನಾದರೂ ಕೆಲಸ ಮಾಡುತ್ತಿದ್ದರೆ ನನ್ನನ್ನು ಯಾರೂ ಏನೂ ಕೇಳುವುದಿಲ್ಲ ಎನ್ನಿಸಿತು. ರಕ್ತ ಹತ್ತಿದ ಪಂಚೆಯ ತುಂಡನ್ನು ಎತ್ತಿಕೊಂಡು ಹೋಗಿ, ಕಾಲುವೆಯಲ್ಲಿ ಕಲ್ಲಿಗೆ ಒಗೆದು ಒಗೆದು ಬೆಳ್ಳಗೆ ಮಾಡಿ ತಂದೆ.

ತಿರುಗಿ ಬಂದಾಗ ಅಪ್ಪ ಆಡಿನ ಕೆಚ್ಚಲು ಮುಟ್ಟಿ ನೋಡುತ್ತಿದ್ದ. ಅದು ಕಲ್ಲಾಗಿತ್ತು. ಮರಿ ಕುಡಿಯದಿದ್ದರೆ ಹಾಲು ಕಟ್ಟಿ ಆಡಿಗೆ ಜ್ವರ ಬರುತ್ತದೆ, ಅದೂ ಸಾಯಬಹುದು ಎಂದ. ಪಕ್ಕದ ಮನೆಯ ದೊಡ್ಡವ್ವನ ಆಡು ಹಿಂದಿನ ದಿನ ಮೂರು ಮರಿ ಹಾಕಿತ್ತು. ಮೂರನೆಯದಕ್ಕೆ ಹಾಲು ಸಾಲದೆ ಅದು ಸೊರಗುತ್ತಿತ್ತು. ದೊಡ್ಡವ್ವ ಅದನ್ನು ಸೆರಗಿನಲ್ಲಿ ಸುತ್ತಿಕೊಂಡು ತಂದಿದ್ದಳು. ಆದರೆ ಆಡು ತನ್ನ ಮರಿಯ ವಾಸನೆ ಇಲ್ಲದ ಮರಿಯನ್ನು ಹತ್ತಿರ ಸೇರಿಸುವುದಿಲ್ಲ, ಕೊಂಬಿನಿಂದ ನೂಕಿಬಿಡುತ್ತದೆ.

"ಬೆಳಿಗ್ಗೆ ಮರಿ ಒರೆಸಿದ ಅರಿವಿ ತೊಗೊಂಡು ಬಾರವ್ವಾ," ಅಂದ ಅಪ್ಪ. "ಅದ್ರಾಗ ವಾಸನಿ ಇರ್ತೈತಿ. ಈ ಮರಿಗೆ ತಿಕ್ಕಿ ಬಿಡಾನು."

ನನ್ನ ಕೈಯಲ್ಲಿ ಬೆಳ್ಳಗಿನ ಅರಿವೆ ನೀರು ಸುರಿಸುತ್ತಿತ್ತು. ದೊಡ್ಡವ್ವ ಹಣೆ ಚಚ್ಚಿಕೊಂಡಳು. "ತೊಳ್ದುಬಿಟ್ಟೀ ಏನ್ಲೇ? ಅಯ್ಯೋ, ಇದಕ್ಕ ಇವತ್ತ ಶ್ಯಾಣ್ಯಾತನ ಬಂತು ನೋಡು!"

ಅಪ್ಪ ಬೈಯಲಿಲ್ಲ. ಒಳಗೆ ಹೋಗಿ ಸತ್ತ ಮರಿಯನ್ನು ಪುಟ್ಟಿಯ ಸಮೇತ ತಂದ. "ಹಂಗಾದ್ರ ಇದನ್ನ ಹಿಡ್ಕೋ. ಇದರ ಮೈ, ಅದರ ಮೈ, ಎರಡೂ ಚಲೋತ್ನಾಗ ತಿಕ್ಕು" ಎಂದ.

ಅದನ್ನು ಹೇಗೆ ಎತ್ತಿಕೊಂಡೆನೋ ನನಗೆ ಈಗಲೂ ತಿಳಿಯದು. ಅದು ತಣ್ಣಗಿತ್ತು, ಕತ್ತು ನನ್ನ ಮೊಣಕೈಯಿಂದ ಕೆಳಗೆ ಜೋತುಬಿದ್ದಿತು. ತೊಡೆಯ ಮೇಲೆ ದೊಡ್ಡವ್ವನ ಮರಿ ಬೆಚ್ಚಗೆ ಒದ್ದಾಡುತ್ತಿತ್ತು. ಎರಡನ್ನೂ ತಿಕ್ಕುತ್ತಿದ್ದಂತೆ ನನ್ನ ಬಾಯಿಂದ ಮಾತು ತಾನಾಗಿಯೇ ಬಂದುಬಿಟ್ಟಿತು. "ಅಪ್ಪಾ, ನಾ ನಿನ್ನೆ ಕಾಲುವಿ ಜಿಗಿಸಿದ್ನಿ. ಹೊಟ್ಟಿಗೆ ಪೆಟ್ಟು ಬಿತ್ತು. ನಾನ ಕೊಂದೀನಿ ಏನಪಾ?"

ಅಪ್ಪ ಆಡಿನ ಬೆನ್ನು ಸವರಿದ. ಆಮೇಲೆ ಹೇಳಿದ, "ಆಗಿರಬೌದು. ಆಗ್ದೇನೂ ಇರಬೌದು. ಜಿಗೀಲಾರದ ಆಡೂ ದಿನಾ ತುಂಬೂದ್ರಾಗ ಕಂದು ಹಾಕ್ತಾವು. ನನಗೂ ಗೊತ್ತಿಲ್ಲವ್ವಾ." ಒಂದು ಹಿಡಿ ಉಪ್ಪನ್ನು ದೊಡ್ಡವ್ವನ ಮರಿಯ ಬೆನ್ನಿಗೆ ಸವರಿ, "ಈಗ ಇದನ್ನ ಬಿಡು" ಎಂದ.

ಆಡು ಮೂಸಿತು. ತಲೆ ತಗ್ಗಿಸಿದಾಗ ಕೊಂಬಿನಿಂದ ಹಾಯುತ್ತದೆ ಎಂದು ನಾನು ಕಣ್ಣು ಮುಚ್ಚಿದೆ. ಮಾಸ್ತರರ ಬೆತ್ತಕ್ಕೆ ಮುಚ್ಚದ ಕಣ್ಣು. ತೆರೆದು ನೋಡಿದರೆ ಅದು ಉಪ್ಪು ನೆಕ್ಕುತ್ತಿತ್ತು, ಗಂಟಲಲ್ಲೇ ಸಣ್ಣಗೆ ಏನೋ ಗುನುಗುತ್ತಿತ್ತು. ಮರಿ ಕೆಚ್ಚಲು ಹುಡುಕಿಕೊಂಡು ಬಾಲ ಅಲ್ಲಾಡಿಸಿತು. ಆಗ ನನಗೆ ಅಳು ಬಂತು. ಸತ್ತ ಮರಿಯನ್ನು ಅಪ್ಪನೂ ನಾನೂ ಬೇವಿನ ಮರದ ಬುಡದಲ್ಲಿ ಹೂತೆವು. ಅಲ್ಲಿಂದ ಮುಂದೆ ದಿನಾ ನಾನು ಚಪ್ಪಡಿಯ ದಾರಿಯಲ್ಲೇ ಬಂದೆ, ಶೇಂಗಾ ಆರಿದರೂ ಸರಿ ಎಂದು.

ಇದನ್ನೆಲ್ಲ ಈಗ ಹೇಳುವುದಕ್ಕೆ ಕಾರಣವಿದೆ. ನಿಮ್ಮ ತಂಗಿ ದಿನ ತುಂಬುವ ಮೊದಲೇ ಹುಟ್ಟಿ ಬಳ್ಳಾರಿಯ ಆಸ್ಪತ್ರೆಯಲ್ಲಿ ಗಾಜಿನ ಪೆಟ್ಟಿಗೆಯೊಳಗೆ ಮಲಗಿದ್ದಾಗ, ನಿಮ್ಮಲ್ಲಿ ಚಿಕ್ಕವನು ಎರಡು ದಿನ ಸರಿಯಾಗಿ ಊಟ ಮಾಡಲಿಲ್ಲ. ಬೆಂಚಿನ ಮೇಲೆ ನನ್ನ ಪಕ್ಕ ಕೂತು ಕಿವಿಯಲ್ಲಿ ಹೇಳಿದ: "ಅಜ್ಜೀ, ಅಮ್ಮ ಬ್ಯಾಡ ಅಂದ್ರೂ ನಾನು ಎತ್ತಿಸ್ಕೊಂಡಿದ್ನಿ. ಅದಕ್ಕ ಪಾಪು ಲಗೂನ ಬಂತಾ?" ಆ ಕಣ್ಣಿನ ಹೆದರಿಕೆ ನನಗೆ ಹೊಸದಲ್ಲ. ಅವನ ಕೈ ಹಿಡಿದು ನೇರ ಡಾಕ್ಟರಮ್ಮನ ಹತ್ತಿರ ಕರೆದುಕೊಂಡು ಹೋದೆ. ಆಕೆ ಅವನೆದುರು ಮಂಡಿಯೂರಿ ಕೂತು, ನಿನ್ನಿಂದ ಏನೂ ಆಗಿಲ್ಲ ಎಂದರು. ಅವನು ಇನ್ನೊಮ್ಮೆ ಕೇಳಿದ. ಆಕೆ ಇನ್ನೊಮ್ಮೆ ಹೇಳಿದರು. ಅವನು ಹೊರಗೆ ಬಂದು ನಾಲ್ಕು ಇಡ್ಲಿ ತಿಂದ. ಆ ತಂಗಿ ಈಗ ನಾವಿರುವ ಪಾರ್ವತಿನಗರಕ್ಕೆಲ್ಲ ಕೇಳುವಂತೆ ಅಳುತ್ತಾಳೆ.

ನಮ್ಮೂರಲ್ಲಿ ಆಗ ಹಾಗೆ ಹೋಗಿ ಕೇಳೋಣವೆಂದರೆ ಯಾರೂ ಇರಲಿಲ್ಲ. ಅಪ್ಪ ತನಗೆ ಗೊತ್ತಿದ್ದಷ್ಟನ್ನೇ ಹೇಳಿದ, ಸುಳ್ಳು ಹೇಳಲಿಲ್ಲ. ಡಾಕ್ಟರಮ್ಮ ಎದ್ದು ಹೊರಟಾಗ ಆಡಿನ ವಿಷಯವನ್ನೂ ಕೇಳಿಬಿಡೋಣ ಎಂದು ಮಾತು ನನ್ನ ನಾಲಿಗೆಯ ತುದಿಗೆ ಬಂದಿತ್ತು. ಕೇಳಲಿಲ್ಲ. ಹೌದು ಎಂದುಬಿಟ್ಟಾರೆಂದು ಈ ವಯಸ್ಸಿನಲ್ಲೂ ಹೆದರಿಕೆಯಾಯಿತು.